ಪೆನ್ಸಿಲ್‌ನಲ್ಲಿ ಬರೆದ ಚೀಟಿ

ನಮ್ಮ ಚರ್ಚಿನ ಸಭೆಯಲ್ಲಿ ಯಾರಿಗೆ ಏನೇ ನಡೆದರೂ ಭಾನುವಾರ ಮೈಕ್ ಹಿಡಿದು, ಇದು ದೇವರ ಕೆಲಸ ಎಂದು ಸಾಕ್ಷಿ ಹೇಳುವುದು ವಾಡಿಕೆ. ಜ್ವರ ಬಿಟ್ಟರೆ ಸಾಕ್ಷಿ, ಕೆಲಸ ಸಿಕ್ಕರೆ ಸಾಕ್ಷಿ, ಕಳೆದುಹೋದ ಸ್ಕೂಟರ್ ಕೀ ಸಿಕ್ಕರೂ ಸಾಕ್ಷಿ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಇದೊಂದನ್ನು ಮಾತ್ರ ಇವತ್ತಿನವರೆಗೆ ಹೇಳಿಲ್ಲ. ಹೇಳಿಲ್ಲ ಅಂದಮಾತ್ರಕ್ಕೆ ನಡೆದಿಲ್ಲ ಎಂದಲ್ಲ... ನಡೆದಿದೆ. ಆ ರಾತ್ರಿ ಬಾಗಿಲಿನ ಆಚೆ ನಿಂತಿದ್ದ ಇಬ್ಬರೂ ಈಗಲೂ ಚಾಮರಾಜಪೇಟೆಯಲ್ಲೇ ಇದ್ದಾರೆ, ಬೇಕಿದ್ದರೆ ಕೇಳಬಹುದು. ಹೇಳುತ್ತಾರೋ ಇಲ್ಲವೋ, ಅದು ಬೇರೆ ಮಾತು.

ನಾನು ಶೀಲಾ. ಚಾಮರಾಜಪೇಟೆಯಲ್ಲೇ ಹುಟ್ಟಿ ಬೆಳೆದವಳು, ಹೊಲಿಗೆ ಟೀಚರ್. ನಮ್ಮ ಸಭೆಯಿಂದ ಎರಡು ವರ್ಷಕ್ಕೊಮ್ಮೆ ಒಬ್ಬರನ್ನು ಹೊರದೇಶಕ್ಕೆ ಸೇವೆಗೆಂದು ಕಳಿಸುತ್ತಾರೆ. ಹತ್ತು ಹನ್ನೆರಡು ದಿನ, ಅಷ್ಟೇ. ಅಲ್ಲಿಯವರೆಗೆ ಹೋದವರೆಲ್ಲ ಗಂಡಸರು. ಹೋಗಿ, ಫೋಟೊ ತೆಗೆಸಿಕೊಂಡು, ಬರುವಾಗ ಚಾಕೊಲೇಟ್ ತಂದು ಹಂಚಿದವರು. ಕಾಂಬೋಡಿಯಾದ ಒಂದು ಸಣ್ಣ ಊರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಜನ ಬೇಕು ಎಂದು ಪತ್ರ ಬಂದಾಗ ಕೈ ಎತ್ತಿದವಳು ನಾನು.

"ಒಬ್ಬಳೇನಾ?" ಎಂದರು ಸ್ಯಾಮುಯೆಲ್ ಅಂಕಲ್. ಅವರು ಸಭೆಯ ಹಿರಿಯರು, ತಾವೂ ಒಮ್ಮೆ ಹೀಗೆ ಹೋಗಿ ಬಂದವರು. "ಹೆಣ್ಣುಮಗಳು ಒಬ್ಬಳೇ ಹೋಗೋದು ಸರಿ ಹೋಗಲ್ಲಮ್ಮ. ಯಾರಾದ್ರೂ ಜೊತೆಗೆ ಸಿಕ್ಲಿ, ಮುಂದಿನ ಸಲ ನೋಡೋಣ."

ಈ 'ಮುಂದಿನ ಸಲ'ವನ್ನು ನಾನು ಆಗಲೇ ಮೂರು ಸಲ ಕೇಳಿದ್ದೆ. ನನಗೂ ಬಾಯಿ ಸ್ವಲ್ಪ ಜೋರು. ಕಮಿಟಿ ಮೀಟಿಂಗ್‌ನಲ್ಲಿ ಕೂತು, "ಬ್ಲೌಸ್ ಕಟಿಂಗ್ ಹೇಳಿಕೊಡೋಕೆ ನೀವು ಹೋಗ್ತೀರಾ ಅಂಕಲ್?" ಎಂದು ಕೇಳಿಯೇಬಿಟ್ಟೆ. ಕೊನೆಗೆ ಒಪ್ಪಿದರು, ಆದರೆ ಅರೆಮನಸ್ಸಿನಿಂದ. "ಏನಾದ್ರೂ ಎಡವಟ್ಟಾದ್ರೆ ಇನ್ಮುಂದೆ ಹೆಂಗಸರ ಹೆಸರು ಎತ್ತೋ ಹಾಗಿಲ್ಲ ನೋಡಿ" ಎಂದು ಅಂಕಲ್ ನಗುನಗುತ್ತಲೇ ಹೇಳಿದರು. ಹಾಗಾಗಿ ಆ ವಿಮಾನ ನನಗೆ ತಪ್ಪುವಂತಿರಲಿಲ್ಲ. ತಪ್ಪಿದರೆ ನನ್ನ ಹಿಂದೆ ಬರಬೇಕಾದ ಎಲ್ಲ ಹೆಂಗಸರಿಗೂ ತಪ್ಪುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊರಡುವ ಸಂಜೆ ಎಲ್ಲರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿಕೊಡುತ್ತಾರೆ. ಆಮೇಲೆ ಸೇವೆ ಮುಗಿಸಿ ಬರುವವರೆಗೆ ಸ್ವಂತ ಮನೆಯ ಹೊಸಿಲು ದಾಟುವಂತಿಲ್ಲ. ಮನೆ ಎರಡು ರಸ್ತೆ ಆಚೆಗಿದ್ದರೂ ಸರಿಯೇ, ಆ ರಾತ್ರಿ ದೇವಾಲಯದ ಹಿಂದಿನ ಹಳೆಯ ಬಂಗಲೆಯಲ್ಲಿ ಒಬ್ಬರೇ ಕಳೆಯಬೇಕು. ಹಿಂದೊಂದು ಕಾಲದಲ್ಲಿ ಹೊರದೇಶದಿಂದ ಬಂದ ಸೇವೆಯವರು ಉಳಿಯುತ್ತಿದ್ದ ಬಂಗಲೆ ಅದು. ಈಗ ಮುರಿದ ಬೆಂಚು, ಹಳೆಯ ಹಾಡಿನ ಪುಸ್ತಕ, ಕ್ರಿಸ್‌ಮಸ್ ನಕ್ಷತ್ರಗಳನ್ನು ತುಂಬಿಟ್ಟಿದ್ದಾರೆ. ಹಿಂದಿನ ಕೋಣೆಯೊಂದರಲ್ಲಿ ಮಂಚ, ಮೇಜು, ಬೆತ್ತದ ಕುರ್ಚಿ.

ಮೇಜಿನ ಮೇಲೆ ಒಂದು ಬಿಸ್ಕತ್ ಡಬ್ಬಿ ಇಟ್ಟಿರುತ್ತಾರೆ. ಅದರ ತುಂಬ ಸಭೆಯವರ ಪ್ರಾರ್ಥನೆ ಚೀಟಿಗಳು. ಮಗನ ಪರೀಕ್ಷೆ, ಮಂಡಿನೋವು, ಸೈಟಿನ ಕೇಸು... ಹೊರಡುವವರು ಒಂದೊಂದನ್ನೂ ಗಟ್ಟಿಯಾಗಿ ಓದಿ ಆಮೆನ್ ಹೇಳಬೇಕು. ಆಮೆನ್ ಅಂದರೆ ಹಾಗೆಯೇ ಆಗಲಿ ಎಂದು ಒಪ್ಪಿಕೊಟ್ಟ ಹಾಗೆ. ಆ ಚೀಟಿಗಳು ಪ್ರಯಾಣದಲ್ಲಿ ಜೊತೆಗೇ ಬರುತ್ತವೆ.

ನಾನು ಒಳಗೆ ಹೋದಾಗ ಒಂಬತ್ತೂವರೆ. ಟ್ಯಾಕ್ಸಿ ಒಂದೂವರೆಗೆ. ಬಂಗಲೆ ನೋಡಿಕೊಳ್ಳುವ ಮಾರ್ಥಮ್ಮ ಒಂದು ಚೊಂಬು ನೀರಿಟ್ಟು, "ನಾನು ಮುಂದಿನ ಕೋಣೇಲೇ ಇರ್ತೀನಿ ಟೀಚರಮ್ಮ" ಎಂದು ಹೋದರು. ಬೀಗ ಹಾಕಲಿಲ್ಲ. ಇದನ್ನು ನೆನಪಿಟ್ಟುಕೊಂಡು ಹೇಳುತ್ತಿದ್ದೇನೆ, ಆ ಬಾಗಿಲಿಗೆ ಹೊರಗೆ ಬೀಗದ ಕೊಂಡಿಯೇ ಇಲ್ಲ.

ಚೀಟಿಗಳು ಅರವತ್ತಾದರೂ ಇದ್ದವು. ಬೆಳಗಿನಿಂದ ಸೂಟ್‌ಕೇಸ್ ತೂಕ ಮಾಡಿ ಮಾಡಿ ಸೊಂಟ ಬಿದ್ದುಹೋಗಿತ್ತು. ಒಂದೊಂದನ್ನೇ ಓದುತ್ತಾ ಕೂತರೆ ಒಂದು ಗಳಿಗೆಯೂ ನಿದ್ದೆಯಿಲ್ಲ. ಅದಕ್ಕೆ ಒಂದು ಜಾಣತನ ಮಾಡಿದೆ. ಎಲ್ಲವನ್ನೂ ಮೇಜಿನ ಮೇಲೆ ಹರವಿ, ಎರಡೂ ಕೈ ಚಾಚಿ, "ಕರ್ತನೇ, ಇದರಲ್ಲಿ ಯಾರು ಯಾರು ಏನೇನು ಕೇಳಿದಾರೋ ಎಲ್ಲಾ ಹಾಗೇ ಆಗ್ಲಿ, ಆಮೆನ್" ಎಂದೆ. ಅಲಾರಂ ಇಟ್ಟು ಮಲಗಿಬಿಟ್ಟೆ.

ಎಚ್ಚರವಾದದ್ದು ಅಲಾರಂಗೆ ಅಲ್ಲ.

ಕರ್... ಕರ್... ಕರ್... ಸಣ್ಣ ಸದ್ದು. ಇಲಿ ಅಂದುಕೊಂಡೆ. ಇಲಿಯಾದರೆ ನಡುವೆ ಹೀಗೆ ನಿಲ್ಲುವುದಿಲ್ಲ. ಇದು ಸ್ವಲ್ಪ ಹೊತ್ತು ಬರುವುದು, ನಿಲ್ಲುವುದು, ಯೋಚಿಸಿದ ಹಾಗೆ ತಡೆದು ಮತ್ತೆ ಬರುವುದು. ಯಾರೋ ಕಾಗದದ ಮೇಲೆ ಪೆನ್ಸಿಲ್ ಒತ್ತಿ ಬರೆಯುವ ಸದ್ದು... ಮೇಜಿನ ಕಡೆಯಿಂದ.

ಲೈಟ್ ಹಾಕಿದೆ. ಕುರ್ಚಿ ಖಾಲಿ. ಕೋಣೆಯಲ್ಲಿ ಸೀಮೆಎಣ್ಣೆ ದೀಪವನ್ನು ಆಗಷ್ಟೇ ಆರಿಸಿದ ಕಮಟು ವಾಸನೆ. ಈ ಕಾಲದಲ್ಲಿ ಸೀಮೆಎಣ್ಣೆ ಯಾರ ಮನೆಯಲ್ಲಿದೆ ಹೇಳಿ? ಗಂಟೆ ಹನ್ನೆರಡೂ ನಲವತ್ತು. ಹೇಗೂ ಏಳುವ ಹೊತ್ತಾಯಿತು ಎಂದು ಮುಖಕ್ಕೆ ನೀರು ಹಾಕಿಕೊಂಡು ಸೀರೆ ಸರಿಮಾಡಿಕೊಂಡೆ. ಚೀಟಿಗಳನ್ನು ಡಬ್ಬಿಗೆ ತುಂಬಿ ಕೈಚೀಲಕ್ಕೆ ಹಾಕಿದೆ. ಚಿಲಕ ತೆಗೆದು ಬಾಗಿಲು ಎಳೆದೆ.

ಬರಲಿಲ್ಲ.

ಮತ್ತೆ ಎಳೆದೆ. ಗೋಡೆಯನ್ನು ಎಳೆದ ಹಾಗಿತ್ತು. ಹಳೆಯ ಬಾಗಿಲು ಸಿಕ್ಕಿಕೊಂಡರೆ ಒಂದಿಷ್ಟಾದರೂ ಅಲ್ಲಾಡುತ್ತದೆ, ಇದು ಕಿರ್ ಅನ್ನಲೂ ಇಲ್ಲ. ಕಿಟಕಿಗೆ ಹೆಬ್ಬೆರಳು ದಪ್ಪದ ಸರಳು. ಮಾರ್ಥಮ್ಮನಿಗೆ ಫೋನ್ ಮಾಡಿದೆ. ಫೋನ್ ಚೆನ್ನಾಗಿಯೇ ಹೋಯಿತು, ಅವರು ಎದ್ದು ಓಡಿಯೂ ಬಂದರು. ಆಚೆಯಿಂದ ಅವರು ತಳ್ಳಿದರು, ಈಚೆಯಿಂದ ನಾನು ಎಳೆದೆ. ಅಷ್ಟರಲ್ಲಿ ಟ್ಯಾಕ್ಸಿ ತಂದ ಸ್ಯಾಮುಯೆಲ್ ಅಂಕಲ್ ಕೂಡ ಬಂದು ಹೆಗಲು ಕೊಟ್ಟರು. ಏನೂ ಆಗಲಿಲ್ಲ.

"ಒಳಗಡೆ ಚಿಲಕ ಹಾಕಿದೀಯಾ ನೋಡಮ್ಮ."

"ತೆಗೆದಿದೀನಿ ಅಂಕಲ್! ನಾಲ್ಕು ಸಲ ನೋಡ್ದೆ."

ಒಂದೂ ನಲವತ್ತು. ಹಿಂದಿನಿಂದ ಬೆತ್ತದ ಕುರ್ಚಿ ಒಮ್ಮೆ ಕಿರುಗುಟ್ಟಿತು, ಯಾರೋ ಕೂತ ಹಾಗೆ. ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ, ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸೀಮೆಎಣ್ಣೆ ವಾಸನೆ ಹತ್ತಿರ ಬಂದಿತ್ತು.

ಆಚೆಯಿಂದ ಅಂಕಲ್ ದನಿ ಮೆತ್ತಗಾಯಿತು. "ಹೋಗ್ಲಿ ಬಿಡಮ್ಮ. ದೇವರ ಚಿತ್ತ ಇಲ್ಲ ಅನ್ಸುತ್ತೆ. ಬೆಳಿಗ್ಗೆ ಬಡಗಿ ಕರೆಸಿ ತೆಗೆಸೋಣ. ನೀನು ಅಳ್ಬೇಡ... ಅಳ್ಬೇಡಮ್ಮ, ಇಷ್ಟಕ್ಕೆಲ್ಲ."

ನಾನು ಅಳುತ್ತಿರಲಿಲ್ಲ.

ನನಗೆ ಯಾವ ಅಳುವೂ ಕೇಳಿಸುತ್ತಿರಲಿಲ್ಲ, ಅವರಿಬ್ಬರಿಗೆ ಕೇಳಿಸುತ್ತಿತ್ತು. ಮಾರ್ಥಮ್ಮ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು. "ಟೀಚರಮ್ಮ, ಚೀಟಿ ಎಲ್ಲಾ ಒಂದೊಂದಾಗಿ ಓದಿದ್ರಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ... ಒಟ್ಟಿಗೇ ಆಮೆನ್ ಅಂದ್ಬಿಟ್ಟೆ."

"ಅಯ್ಯೋ ದೇವ್ರೇ. ಪೆನ್ಸಿಲ್‌ನಲ್ಲಿ ಬರ್ದಿರೋದು ಒಂದಿರತ್ತೆ, ನೋಡಿ. ಪ್ರತಿ ಸಲಾನೂ ಒಂದು ಜಾಸ್ತಿ ಇರತ್ತೆ. ಯಾರು ಹಾಕ್ತಾರೋ ನಂಗೊತ್ತಿಲ್ಲ. ಹೋಗೋರೆಲ್ಲ ಅದನ್ನ ಓದಿ, ಆಮೆನ್ ಅನ್ನದೇನೇ ಪಕ್ಕಕ್ಕಿಟ್ಟು ಹೋಗ್ತಾರೆ. ಬೆಳಿಗ್ಗೆ ನಾನು ಒಲೆಗೆ ಹಾಕ್ತೀನಿ. ನಿಮಗೆ ಯಾರೂ ಹೇಳ್ಲಿಲ್ವಾ?"

ಅಂಕಲ್ ಕೂಡ ಒಮ್ಮೆ ಈ ಕೋಣೆಯಿಂದಲೇ ಹೋಗಿ ಬಂದವರು. ಅವರಿಗೂ ಗೊತ್ತಿತ್ತು. ಆ ಹೊತ್ತಿನಲ್ಲೂ ನನಗೆ ಉರಿದುಹೋಯಿತು.

ನೆಲದ ಮೇಲೆ ಕೂತು ಡಬ್ಬಿ ಸುರಿದುಕೊಂಡೆ. ಸಿಕ್ಕಿತು. ಮಲಗುವ ಮುಂಚೆ ಹರವುವಾಗಲೇ ಕಣ್ಣಿಗೆ ಬಿದ್ದಿದ್ದ ಹಳದಿಯಾದ ಗೆರೆ ಹಾಳೆ, ಒತ್ತಿ ಬರೆದ ದುಂಡು ಅಕ್ಷರ, ಹೆಸರಿಲ್ಲ.

'ಈ ಕೋಣೆಯಿಂದ ಹೋಗುವವರು ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗದಿರಲಿ ಎಂದು ಪ್ರಾರ್ಥಿಸಿರಿ.'

ಅದಕ್ಕೆ ನಾನು ಹಾಗೇ ಆಗಲಿ ಎಂದಿದ್ದೆ. ಎರಡೂ ಕೈ ಚಾಚಿ ಹೇಳಿದ್ದೆ.

"ಈಗೇನು ಮಾಡ್ಲಿ ಮಾರ್ಥಮ್ಮ?"

"ಗೊತ್ತಿಲ್ಲ ತಾಯಿ. ಇಷ್ಟರವರೆಗೆ ಯಾರೂ ಒಪ್ಕೊಂಡಿಲ್ಲ."

ಎರಡಕ್ಕೆ ಹತ್ತು ನಿಮಿಷ. ಕುಳಿತಲ್ಲೇ ಕಣ್ಣು ಮುಚ್ಚಿದೆ. ಬೆನ್ನಿಗೆ ಯಾರದೋ ಉಸಿರು ಎಂದು ನಾನು ಹೇಳುವುದಿಲ್ಲ, ಆದರೆ ಬೆನ್ನಿನ ಹಿಂದೆ ಗಾಳಿ ತುಂಬಿಕೊಂಡಂತಿತ್ತು. ಇಲ್ಲೇ ಕೂತರೆ ವಿಮಾನ ಹೋಯಿತು, ಸಭೆಯ ಮುಂದೆ ನನ್ನ ಮಾತೂ ಹೋಯಿತು. ಬಿಟ್ಟು ಹೋಗುತ್ತೇನೆಂದರೆ ಬಾಗಿಲು ಬಿಡುವುದಿಲ್ಲ. ಉಳಿದದ್ದು ಒಂದೇ ದಾರಿ. ಯಾರ ಹತ್ತಿರ ಮಾತಾಡುತ್ತಿದ್ದೇನೆ ಎಂದು ಗೊತ್ತಿಲ್ಲದೆ, ದೊಡ್ಡವರ ಹತ್ತಿರ ಮಾತಾಡುವ ಹಾಗೆ ಹೇಳಿದೆ.

"ನಾನು ಹೋಗ್ಲೇಬೇಕು. ನೀವೂ ಬನ್ನಿ... ನನ್ನ ಜೊತೆಗೇ ಬನ್ನಿ."

ಬಾಗಿಲು ತಾನಾಗಿಯೇ ಒಳಕ್ಕೆ ತೆರೆದುಕೊಂಡಿತು. ಜೋರಾಗಿ ಅಲ್ಲ, ಮೆಲ್ಲಗೆ.

ಆಚೆ ಅಂಕಲ್ ಗೋಡೆಗೆ ಒರಗಿ ನಿಂತಿದ್ದರು, ಮೈಯೆಲ್ಲ ಬೆವರು. ಮಾರ್ಥಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಹೆಗಲಿನ ಹಿಂದಕ್ಕೆ ನೋಡಿ, ಪಕ್ಕಕ್ಕೆ ಸರಿದು, ಇಬ್ಬರು ಹೋಗುವಷ್ಟು ದಾರಿ ಬಿಟ್ಟರು.

ಮಾರ್ಕೆಟ್ ಹತ್ತಿರ ಹೂವಿನ ಗಾಡಿಗಳು ಆಗಲೇ ಬಂದಿದ್ದವು. ಟ್ಯಾಕ್ಸಿಯ ಕಿಟಕಿ ಇಳಿಸಿದ್ದರೂ ಮಲ್ಲಿಗೆ ವಾಸನೆ ನನಗೆ ಹತ್ತಲಿಲ್ಲ, ಒಳಗೆಲ್ಲ ಸೀಮೆಎಣ್ಣೆಯದೇ. ಕೌಂಟರ್ ಮುಚ್ಚುವ ಹೊತ್ತಿಗೆ ಕೊನೆಯವಳಾಗಿ ಓಡಿದೆ. ವಿಮಾನ ಸಿಕ್ಕಿತು.

ಕಾಂಬೋಡಿಯಾದಲ್ಲಿ ಹತ್ತು ದಿನ. ಕೆಲಸ ಚೆನ್ನಾಗಿಯೇ ಆಯಿತು, ಹುಡುಗಿಯರು ಬೇಗ ಕಲಿತರು. ರಾತ್ರಿ ಮಾತ್ರ ನಾನು ಉಳಿದಿದ್ದ ಅತಿಥಿಮನೆಯ ಕೋಣೆಯಲ್ಲಿ ದೀಪ ಆರಿಸಿದ ವಾಸನೆ. ಲೈಟ್ ಆರಿಸಿದ ಮೇಲೆ ಕರ್... ಕರ್... ತೊಂದರೆ ಏನೂ ಕೊಡಲಿಲ್ಲ, ಅನ್ಯಾಯವಾಗಿ ಹೇಳಬಾರದು. ಮೂರನೆಯ ದಿನ ನನಗೆ ಜ್ವರ ಬಂದು ಒಬ್ಬಳೇ ನರಳುತ್ತಾ ಮಲಗಿದ್ದಾಗ ಹಣೆಯ ಮೇಲೆ ತಣ್ಣಗೆ ಏನೋ ಇತ್ತು, ಬೆಳಗಿನ ತನಕ ಇತ್ತು. ಆದರೂ ನಾನು ಹತ್ತು ದಿನವೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಇದನ್ನು ಜೀವನಪೂರ್ತಿ ಹೊತ್ತು ತಿರುಗುವುದು ನನ್ನಿಂದ ಆಗದ ಮಾತು ಅನ್ನಿಸಿಬಿಟ್ಟಿತ್ತು.

ಕೊನೆಯ ದಿನ ನಾಲ್ಕು ಗಂಟೆಗೆ ಎದ್ದೆ. ಲೈಟ್ ಹಾಕಲಿಲ್ಲ. ಕಳ್ಳಿಯ ಹಾಗೆ ಬ್ಯಾಗು ತುಂಬಿಕೊಂಡೆ. ಆ ಪೆನ್ಸಿಲ್ ಚೀಟಿಯನ್ನು ಮಂಚದ ಪಕ್ಕದ ಡ್ರಾಯರ್‌ನಲ್ಲಿಟ್ಟು ಮುಚ್ಚಿದೆ. ಬನ್ನಿ ಎನ್ನಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ. ಉಸಿರು ಬಿಗಿಹಿಡಿದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬಾಗಿಲು ಸುಲಭವಾಗಿ ಬಂತು. ಅವಳು ನನ್ನನ್ನು ನಂಬಿದ್ದಳು ಅಂತ ಕಾಣುತ್ತದೆ.

ಸಭೆಯಲ್ಲಿ ನನಗೆ ಹಾರ ಹಾಕಿದರು. ಸ್ಯಾಮುಯೆಲ್ ಅಂಕಲ್ ಅವರೇ ಎದ್ದು ನಿಂತು, ಹೆಣ್ಣುಮಕ್ಕಳನ್ನು ಇನ್ನು ಧೈರ್ಯವಾಗಿ ಕಳಿಸಬಹುದು ಎಂದರು. ಆಮೇಲೆ ಒಬ್ಬ ಹೆಂಗಸು ಹೋಗಿಯೂ ಬಂದಳು. ಅವಳ ಡಬ್ಬಿಯಲ್ಲಿ ಪೆನ್ಸಿಲ್ ಚೀಟಿ ಇರಲಿಲ್ಲವಂತೆ. ನಾನು ಗೆದ್ದೆ, ಅದರಲ್ಲಿ ಎರಡು ಮಾತಿಲ್ಲ.

ಮಾರ್ಥಮ್ಮ ಒಂದೇ ಒಂದು ಸಲ ಕೇಳಿದರು. "ಅವರನ್ನ ಎಲ್ಲಿ ಬಿಟ್ಟು ಬಂದ್ರಿ ಟೀಚರಮ್ಮ?"

ನಾನು ಕ್ಲಾಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಅವರೂ ಮತ್ತೆ ಕೇಳಲಿಲ್ಲ, ಆದರೆ ಆವತ್ತಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ.

ಹೋದ ತಿಂಗಳು ಕಾಂಬೋಡಿಯಾದ ಆ ಮನೆಯ ಯಜಮಾನಿಯಿಂದ ವಾಟ್ಸಾಪ್ ಬಂತು. ನೀವಿದ್ದ ಕೋಣೆಯಲ್ಲಿ ಅತಿಥಿಗಳು ಯಾರೂ ಒಂದು ರಾತ್ರಿಗಿಂತ ಹೆಚ್ಚು ಉಳಿಯುತ್ತಿಲ್ಲ, ಯಾರೋ ಹೆಂಗಸು ಅಳುತ್ತಾ ಏನೋ ಕೇಳುತ್ತಾಳೆ, ಇಲ್ಲಿ ಯಾರಿಗೂ ಆ ಭಾಷೆ ತಿಳಿಯುತ್ತಿಲ್ಲ, ನಿಮ್ಮ ಕಡೆಯ ಭಾಷೆಯೇನೋ ಅನ್ನಿಸಿತು, ಫೋನಿನಲ್ಲಿ ಹಿಡಿದಿದ್ದೇವೆ, ಕೇಳಿ ಅರ್ಥ ಹೇಳುತ್ತೀರಾ, ಎಂದು ಬರೆದಿದ್ದಳು. ಕೆಳಗೆ ಒಂದು ಆಡಿಯೋ.

ಹದಿನೇಳು ಸೆಕೆಂಡಿನದು. ಇನ್ನೂ ನನ್ನ ಫೋನಿನಲ್ಲೇ ಇದೆ. ನಾನು ಅದನ್ನು ಕೇಳಿಲ್ಲ. ಅಲ್ಲಿ ಅವಳ ಮಾತು ಅರ್ಥವಾಗುವವರು ಒಬ್ಬರೂ ಇಲ್ಲ ಎಂಬುದು ಆ ಬಾಗಿಲು ಎಳೆದುಕೊಳ್ಳುವಾಗಲೂ ನನಗೆ ಗೊತ್ತಿತ್ತು.