ಜಲಜಾಳ ಕೊಟ್ಟಿಗೆ ಕ್ರಿಸ್ಮಸ್

ಜಲಜಾ ಹುಟ್ಟಿದ್ದು ಕೊಳ್ಳೇಗಾಲದ ಕಡೆಯ ಒಂದು ಕ್ರೈಸ್ತ ರೈತರ ಮನೆಯಲ್ಲಿ. ಅಲ್ಲಿ ಕ್ರಿಸ್ಮಸ್ ದಿನ ಚರ್ಚಿನಿಂದ ಬಂದ ಮನೆಯವರು ಒಳಗೆ ಹೋಗುತ್ತಿರಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಹುಲ್ಲಿನ ಮೇಲೆ ಕೂರುತ್ತಿದ್ದರು. ಆ ವರ್ಷ ದನಗಳಿಗೆ ಯಾರು ಏನು ಅನ್ಯಾಯ ಮಾಡಿದ್ದರೋ ಅದನ್ನು ಒಬ್ಬೊಬ್ಬರಾಗಿ ಅವುಗಳ ಮುಂದೆಯೇ ಹೇಳಿಕೊಳ್ಳಬೇಕು. ಆಮೇಲೆ ಸಿಹಿ ಪೊಂಗಲನ್ನು ಮೊದಲು ಅವಕ್ಕೆ ತಿನ್ನಿಸಿ, ಮಿಕ್ಕಿದ್ದನ್ನು ಅಲ್ಲೇ ಕೂತು ತಿನ್ನಬೇಕು. ಅಜ್ಜ ಸಿಟ್ಟಿನಲ್ಲಿ ಬಾರುಕೋಲು ಬೀಸಿ ಎತ್ತೊಂದರ ಕಣ್ಣು ಕಳೆದ ಮೇಲೆ ಶುರುವಾದ ಪದ್ಧತಿ ಇದು.

‘ಮಾತ್ ಬರ್ದೇ ಇರೋವ್ರ ಹತ್ರ ಮೊದ್ಲು ಹೇಳ್ಕಳಿ, ಪಾದ್ರಿಗಳ ಹತ್ರ ಆಮೇಲೆ’ ಎನ್ನುತ್ತಿದ್ದ ಅಪ್ಪ ಮರಿಯಪ್ಪ. ಏಳು ವರ್ಷದ ಜಲಜಾ ಕರುವಿನ ಕಿವಿಗೆ ಕಡ್ಡಿ ಹಾಕಿದ್ದನ್ನು ಹೇಳಿ ಅತ್ತಾಗ ಯಾರೂ ನಗಲಿಲ್ಲ.

ರೈಲ್ವೆಯಲ್ಲಿದ್ದ ಚೌರಪ್ಪನನ್ನು ಮದುವೆಯಾಗಿ ಅವಳು ಕಲ್ಕತ್ತೆಗೆ ಬಂದಳು. ಕಸ್ಬಾ ಬಡಾವಣೆಯಲ್ಲಿ ಬಾಡಿಗೆ ಮನೆ. ಮುಂದೆ ಅವಳಿಗೂ ಸಾಲ್ಟ್ ಲೇಕಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ. ಮನೆಯ ಹಿಂದೆ ಬಿಹಾರದ ರಾಮ್‌ಸುಂದರನ ಖಟಾಲ್ ಇತ್ತು. ಹಾಲಿನವರ ಕೊಟ್ಟಿಗೆಗೆ ಅಲ್ಲಿ ಹಾಗೆನ್ನುತ್ತಾರೆ. ಮೊದಲ ಕ್ರಿಸ್ಮಸ್ಸಿಗೇ ಅವಳು ಪೊಂಗಲ್ ಪಾತ್ರೆ ಹಿಡಿದು ಅಲ್ಲಿಗೆ ಹೋದಳು. ಹೋದ ಮೇಲೆ ತೊಡಕಾಯಿತು: ಆ ದನಗಳಿಗೆ ಅವಳು ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಕೊನೆಗೆ ಮನುಷ್ಯರಿಗೆ ಮಾಡಿದ್ದನ್ನು ಹೇಳತೊಡಗಿದಳು. ಅತ್ತೆಗೆ ಕೊಟ್ಟ ಎದುರುತ್ತರ, ನೆರೆಯವಳ ಮೇಲೆ ಹೇಳಿದ ಚಾಡಿ. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ರಾಮ್‌ಸುಂದರ ಅದನ್ನು ಯಾವುದೋ ಮಂತ್ರವೆಂದುಕೊಂಡು, ಪ್ರತಿ ಡಿಸೆಂಬರ್ ಇಪ್ಪತ್ತೈದಕ್ಕೆ ಒಂದು ಹಸುವನ್ನು ಮೈತೊಳೆದು ನಿಲ್ಲಿಸುತ್ತಿದ್ದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೇ ನಡೆಯಿತು. ನಡುವೆ ಚೌರಪ್ಪ ತೀರಿಕೊಂಡ.

ಆಮೇಲೆ ಖಟಾಲುಗಳೆಲ್ಲ ಊರಾಚೆ ಹೋಗಬೇಕೆಂದು ಆದೇಶವಾಯಿತು. ರಾಮ್‌ಸುಂದರ ದನ ಹೊಡೆದುಕೊಂಡು ಸೋನಾರ್‌ಪುರದ ಆಚೆಯ ಹಳ್ಳಿಗೆ ಹೋದ. ಆ ಜಾಗದಲ್ಲಿ ಫ್ಲ್ಯಾಟುಗಳು ಎದ್ದವು. ೨೦೦೫ರ ಕ್ರಿಸ್ಮಸ್ ದಿನ ಜಲಜಾ ಪೊಂಗಲ್ ಮಾಡಿ ಮೇಜಿನ ಮೇಲಿಟ್ಟು ಸುಮ್ಮನೆ ಕೂತಿದ್ದಳು. ಮಗ ಮನೋಜ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅಮ್ಮನ ಈ ಪದ್ಧತಿಯೆಂದರೆ ಅವನಿಗೆ ಮುಜುಗರ. ದೊಡ್ಡವನಾದ ಮೇಲೆ ಜೊತೆಗೆ ಹೋದವನಲ್ಲ. ಆದರೆ ಹತ್ತು ಗಂಟೆಯಾದರೂ ಅವಳು ಏನೂ ತಿನ್ನದಿದ್ದಾಗ, ಎದ್ದು ಹೋಗಿ ಹಾಲಿನಂಗಡಿಯಲ್ಲಿ ರಾಮ್‌ಸುಂದರನ ವಿಳಾಸ ಕೇಳಿಕೊಂಡು ಬಂದ. ಇಬ್ಬರೂ ಬಾಲಿಗಂಜ್‌ನಲ್ಲಿ ಲೋಕಲ್ ರೈಲು ಹತ್ತಿದರು.

ಹಸು ಹೊಸದು. ಜಲಜಾ ಹುಲ್ಲಿನ ಮೇಲೆ ಕೂತು ಎಂದಿನಂತೆ ಗಟ್ಟಿಯಾಗಿ ಹೇಳುತ್ತ ಹೋದಳು. ಮನೋಜ ಬಾಗಿಲಲ್ಲಿ ಮೊಬೈಲ್ ನೋಡುತ್ತ ನಿಂತಿದ್ದ. ಮನೆಯಲ್ಲಿ ಅವನು ಅವಳ ಕನ್ನಡಕ್ಕೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವನು. ಕಿವಿಗೆ ಬಿದ್ದ ಕನ್ನಡವೆಲ್ಲ ಅವನಿಗೆ ತಿಳಿಯುತ್ತದೆಂಬುದು, ಯಾರಿಗೂ ತಿಳಿಯದಂತೆ ಹೇಳಿಕೊಂಡ ಅಷ್ಟು ವರ್ಷದ ರೂಢಿಯಲ್ಲಿ, ಅವಳಿಗೆ ಆ ಗಳಿಗೆ ಮರೆತೇ ಹೋಗಿತ್ತು.

‘ಜೂನಲ್ಲಿ ಪೂರ್ವಿ ಮನೆಗ್ ಬಂದಿದ್ಲು. ಮನೋಜ ಇರ್ಲಿಲ್ಲ. ಅವ್ನಿಗೆ ಊರಲ್ಲಿ ಹುಡ್ಗಿ ಗೊತ್ ಮಾಡಿದೀವಿ ಅಂತ ಸುಳ್ಳ್ ಹೇಳ್ದೆ. ಒಳ್ಳೆ ಹುಡ್ಗಿ ಅವ್ಳು. ನಮ್ಮೋಳಲ್ಲ ಅಂತ ಹಂಗಂದೆ.’

ಪೂರ್ವಿ ಬೆಂಗಳೂರಿನಿಂದ ಬಂದು ಅವನ ಜೊತೆ ಕೆಲಸ ಮಾಡುತ್ತಿದ್ದವಳು, ಅವನು ಮೆಚ್ಚಿದವಳು. ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಸೆಪ್ಟೆಂಬರಿನಲ್ಲಿ ವರ್ಗ ಮಾಡಿಸಿಕೊಂಡು ಹೊರಟೂ ಹೋದಳು. ಕಾರಣ ಮನೋಜನಿಗೆ ಗೊತ್ತಿರಲಿಲ್ಲ.

ಜಲಜಾ ತಿರುಗಿ ಅವನ ಮುಖ ನೋಡಿದಳು. ಹೇಳಿದ್ದನ್ನು ಹಿಂತೆಗೆದುಕೊಳ್ಳುವ ಹಾಗಿರಲಿಲ್ಲ. ಅವನು ಒಳಗೆ ಬಂದು ಸ್ವಲ್ಪ ದೂರದಲ್ಲಿ ಕೂತು, ಪಾತ್ರೆ ಎಳೆದುಕೊಂಡು ಹಸುವಿಗೆ ತಿನ್ನಿಸಿದ. ಆಮೇಲೆ ಆ ಹಸುವಿಗೇ ಹೇಳಿದ, ಕನ್ನಡದಲ್ಲಿ, ಪದ ಹುಡುಕುತ್ತ: ‘ನಂಗೆ ಅಮ್ಮನ ಮೇಲೆ ಕೋಪ ಇದೆ. ತುಂಬಾ ದಿನ ಇರತ್ತೆ.’

ಮಿಕ್ಕ ಪೊಂಗಲನ್ನು ಇಬ್ಬರೂ ಅಲ್ಲೇ ತಿಂದರು.

ಜನವರಿಯಲ್ಲಿ ಅವನು ಪೂರ್ವಿಗೆ ಫೋನ್ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡು, ತನಗೆ ನಿಶ್ಚಿತಾರ್ಥವಾಗಿದೆ, ಮೇ ತಿಂಗಳಲ್ಲಿ ಮದುವೆ ಎಂದಳು. ಜಲಜಾ ಕ್ಷಮೆ ಕೇಳಿ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಮನೋಜ ಹೆಚ್ಚುಕಡಿಮೆ ಒಂದು ವರ್ಷ ಆಫೀಸಿನಲ್ಲೇ ಊಟ ಮುಗಿಸಿಕೊಂಡು ಬರುತ್ತಿದ್ದ.

ಆ ವರ್ಷದ ಡಿಸೆಂಬರಿನಲ್ಲಿ ಸೋನಾರ್‌ಪುರದ ಮಾತೆತ್ತಿದವನು ಅವನೇ. ಒಬ್ಬರು ಹೇಳುವಾಗ ಇನ್ನೊಬ್ಬರು ಹೊರಗಿರಬೇಕು ಎಂದು ಷರತ್ತು ಹಾಕಿದ. ಅವಳು ಒಪ್ಪಿದಳು. ತನ್ನದು ಬೇಗ ಮುಗಿಸಿ ಹೊರಗೆ ಬಂದು, ರಾಮ್‌ಸುಂದರನ ಹೆಂಡತಿಯ ಜೊತೆ ಎಳೆಬಿಸಿಲಿನಲ್ಲಿ ಹಸಿ ಬಟಾಣಿ ಸುಲಿಯುತ್ತ ಕೂತಳು. ಮನೋಜ ಬಹಳ ಹೊತ್ತು ಒಳಗಿದ್ದ.