ಆರನೆಯ ನಂಬರಿನ ಉತ್ತರ

ಔರಾದ ತಾಲ್ಲೂಕಿನ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಇಂಗ್ಲಿಷ್ ಪೇಪರ್ ಪಾಸಾದದ್ದು ಮೂರನೆಯ ಸಲಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಪಾಸಾದ ಬಗೆಯನ್ನೂ ಹೇಳಿಬಿಡುತ್ತೇನೆ. ಸಿಂಪಲ್ ವಾಕ್ಯವನ್ನು ಕಾಂಪ್ಲೆಕ್ಸ್ ಮಾಡುವುದು ಹೇಗೆಂದು ನಮಗ್ಯಾರಿಗೂ ತಿಳಿದಿರಲಿಲ್ಲ. ಗೈಡಿನಲ್ಲಿದ್ದ ಇಪ್ಪತ್ತು ವಾಕ್ಯ, ಇಪ್ಪತ್ತು ಉತ್ತರಗಳನ್ನು ನಂಬರಿನ ಸಮೇತ ಬಾಯಿಪಾಠ ಮಾಡಿದ್ದೆವು. ಎಂಟು ಅಂದರೆ ಸಾಕು, ಎಂಟರ ಉತ್ತರ ತಾನಾಗಿ ಬರುತ್ತಿತ್ತು.

ಬಿ.ಎಡ್. ಆದ ಮೇಲೆ ಭಾಲ್ಕಿಯ ಒಂದು ಖಾಸಗಿ ಶಾಲೆಯಲ್ಲಿ ಹತ್ತನೆಯ ತರಗತಿಗೆ ಇಂಗ್ಲಿಷ್ ಮಾಸ್ತರರು ಬೇಕಾಗಿದ್ದಾರೆಂದು ತಿಳಿಯಿತು. ಡೆಮೊ ಪಾಠಕ್ಕೆ ಅವರು ಕೊಟ್ಟ ವಿಷಯವೂ ಇದೇ, ಸಿಂಪಲ್ ವಾಕ್ಯವನ್ನು ಕಾಂಪ್ಲೆಕ್ಸ್ ಮಾಡುವುದು. ಬೀದರಿನ ನೌಬಾದದಲ್ಲಿದ್ದ ರೂಮಿನಿಂದ ಹೊರಟವನಿಗೆ ಬಸ್ಸಿನಲ್ಲಿ ಸೀಟು ಸಿಕ್ಕರೂ ನೆಟ್ಟಗೆ ಕೂಡಲಾಗಲಿಲ್ಲ. ತುಟಿಗಳು ಅಲ್ಲಾಡುತ್ತಲೇ ಇದ್ದವು. ಯಾವ ದೇವರ ಜಪ ನಡೆದಿದೆ ಎಂದು ಪಕ್ಕದ ಅಜ್ಜಿ ಕೇಳಿದಳು.

ತರಗತಿಯ ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ ಕುಳಿತಿದ್ದರು. ಗೈಡಿನ ವಾಕ್ಯಗಳನ್ನೇ ನಂಬರ್ ಹಾಕಿ ಬೋರ್ಡಿಗೆ ಬರೆದೆ. ಗಾಬರಿಯಲ್ಲಿ ಆರನೆಯದು ಬಿಟ್ಟುಹೋಗಿ, ಏಳನೆಯದು ಅದರ ಜಾಗಕ್ಕೆ ಬಂದಿತ್ತು. ಆ ವಾಕ್ಯ, ಮುದುಕ ನಡೆಯಲಾರದಷ್ಟು ದಣಿದಿದ್ದಾನೆ ಎಂಬುದು. ಆರು ಎಂಬ ಅಂಕಿ ಕಂಡದ್ದೇ ತಡ, ಕೈ ಗೈಡಿನ ಆರರ ಉತ್ತರ ಬರೆದುಬಿಟ್ಟಿತು: ಚಹಾ ಎಷ್ಟು ಬಿಸಿ ಇದೆಯೆಂದರೆ ಯಾರೂ ಕುಡಿಯಲಾರರು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ಮುದುಕ ಎಲ್ಲಿ ಹೋದನ್ರಿ? ಚಹಾ ಎಲ್ಲಿಂದ ಬಂತ್ರಿ?"

ತರಗತಿ ನಕ್ಕಿತು. ಮೇಡಂ ನಗಲಿಲ್ಲ. ನಂಬರೆಲ್ಲ ಅಳಿಸಿ, ಆ ಹುಡುಗಿಯಿಂದಲೇ ಒಂದು ವಾಕ್ಯ ಕೇಳಿ, ಅದನ್ನು ಕಾಂಪ್ಲೆಕ್ಸ್ ಮಾಡಿ ತೋರಿಸಲು ಹೇಳಿದರು. ನಮ್ಮ ಎಮ್ಮೆ ಹಾಲು ಕೊಡಲಾರದಷ್ಟು ಮುದಿಯಾಗಿದೆ ಎಂದು ಅವಳು ಇಂಗ್ಲಿಷಿನಲ್ಲಿ ತಡೆತಡೆದು ಹೇಳಿದಳು. ಆ ಎಮ್ಮೆ ಯಾವ ಗೈಡಿನಲ್ಲೂ ಇರಲಿಲ್ಲ. ಚಾಕ್‌ಪೀಸ್ ಎರಡು ತುಂಡಾಯಿತು. ಎಮ್ಮೆ ಹೇಗಿದೆ, ಅದರಿಂದ ಏನಾಗುವುದಿಲ್ಲ ಎಂದು ಬಿಡಿಸಿ ನೋಡಿ, ನಡುವೆ ಕೊಂಡಿ ಹಾಕಿದೆ. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನು ನಾನೇ ಕಟ್ಟಿದ್ದು ಅದೇ ಮೊದಲು. ಸರಿಯೋ ತಪ್ಪೋ ತಿಳಿಯದೆ ಮೇಡಂ ಮುಖ ನೋಡಿದೆ.

ಆಮೇಲೆ ಆಫೀಸಿಗೆ ಕರೆದರು. "ಹತ್ತನೇದು ಕೊಡಂಗಿಲ್ರಿ. ಐದನೇದು ತಗೋತೀರೇನು?"

ಬಿ.ಎಡ್. ಆದವನಿಗೆ ಐದನೆಯದೇ ಎಂದು ಮನಸ್ಸು ಕುದಿಯಿತು.

"ತಗೋತೇನ್ರಿ," ಅಂದೆ.

ಈಗಲೂ ಮಕ್ಕಳಿಂದಲೇ ವಾಕ್ಯ ಕೇಳಿ ಪಾಠ ಮಾಡುತ್ತೇನೆ. ಯಾವ ಹುಡುಗ ಏನು ಹೇಳುತ್ತಾನೋ ಗೊತ್ತಿರುವುದಿಲ್ಲ. ಅದಕ್ಕೇ ಜೇಬಿನಲ್ಲಿ ಯಾವಾಗಲೂ ಇನ್ನೊಂದು ಚಾಕ್‌ಪೀಸ್ ಇಟ್ಟುಕೊಂಡಿರುತ್ತೇನೆ.