ಏಳು ದಿನ ಉತ್ತರ ಬರದಿದ್ದರೆ

ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ ಗಿರಾಕಿ ನನ್ನ ಅಂಗಡಿಯ ಚರಿತ್ರೆಯಲ್ಲಿ ಒಬ್ಬರೇ. ಟೈಪಿಂಗ್ ಅಕ್ಕ ಅನ್ನುವುದು ನಾನಿಟ್ಟ ಹೆಸರು. ಅವರ ನಿಜವಾದ ಹೆಸರನ್ನು ಬಿಲ್ಲಿನಲ್ಲಿ ನನ್ನ ಕೈಯಾರೆ ಬರೆದಿದ್ದೆ, ಆದರೆ ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ದಿನಕ್ಕೆ ಇಪ್ಪತ್ತು ಜನ ಬರುತ್ತಾರೆ ಸ್ವಾಮಿ, ಯಾರನ್ನು ಅಂತ ನೆನಪಿಟ್ಟುಕೊಳ್ಳಲಿ?

ನನ್ನ ರಿಪೇರಿ ಅಂಗಡಿ ಒಂದು ಚಪ್ಪಲಿ ಅಂಗಡಿಯ ಕೆಳಗೆ, ಆರು ಮೆಟ್ಟಿಲು ಇಳಿದು ಬರಬೇಕು. ಅಕ್ಕ ಇಳಿಯುವಾಗ ಗೋಡೆಗೆ ಒಂದು ಕೈ ಕೊಟ್ಟು ಇಳಿಯುತ್ತಿದ್ದರು. ಐವತ್ತನಾಲ್ಕು ವಯಸ್ಸು, ತೆಳ್ಳಗಿನ ಮೈ, ಕಿವಿಯ ಮೇಲೆ ಹೆಡ್‌ಫೋನಿನ ಒತ್ತಿನಿಂದ ಕೂದಲು ಸವೆದಿತ್ತು. ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ ವರದಿಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರಂತೆ. ಆ ಧ್ವನಿ ಒಂದು ಕಂಪನಿಯ ಮೂಲಕ ಇವರ ಮನೆಗೆ ಬರುತ್ತದೆ, ಇವರು ಕೇಳಿ ಟೈಪ್ ಮಾಡಿ ಕಳಿಸುತ್ತಾರೆ. ಹದಿನೇಳು ವರ್ಷದಿಂದ ಅದೇ ಕೆಲಸ.

ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ಅವರ ಹತ್ತಿರ ಒಂದು ಡೈರಿ ಇತ್ತು. ಅದರಲ್ಲಿ ಎಲ್ಲ ಪಾಸ್‌ವರ್ಡುಗಳನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ನೋಡಿ ನನಗೆ ತಲೆ ಕೆಟ್ಟಿತು. "ಅಲ್ಲ ಕಣಕ್ಕ, ಕಳ್ಳರಿಗೆ ಕರೆದು ಮಣೆ ಹಾಕ್ತೀರಾ?" ಅಂತ ಚೆನ್ನಾಗಿ ಬೈದು, ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟೆ. ಅಂದರೆ ಎಲ್ಲ ಬೀಗದಕೈಗಳನ್ನೂ ಹಾಕಿಡುವ ಒಂದು ಪೆಟ್ಟಿಗೆ. ಆ ಪೆಟ್ಟಿಗೆಗೆ ಒಂದೇ ಒಂದು ದೊಡ್ಡ ಪಾಸ್‌ವರ್ಡ್. ಅದನ್ನು ಮಾತ್ರ ನೆನಪಿಟ್ಟುಕೊಂಡರಾಯಿತು. ಡೈರಿಯನ್ನು ನನ್ನೆದುರಿಗೇ ಹರಿದುಹಾಕಿಸಿದೆ. ಕೊನೆಗೆ ಆ ಪೆಟ್ಟಿಗೆ ಇನ್ನೊಂದು ಪ್ರಶ್ನೆ ಕೇಳಿತು: ನಿಮಗೇನಾದರೂ ಆದರೆ ಇದನ್ನು ತೆರೆಯಬಹುದಾದ ಒಬ್ಬ ಆಪ್ತರ ಮೇಲ್ ವಿಳಾಸ ಕೊಡಿ. "ಮನೆಯೋರು ಯಾರದಾದ್ರೂ ಹಾಕಿ, ನಾನು ನೋಡಲ್ಲ," ಎಂದು ಬೆನ್ನು ತಿರುಗಿಸಿ ನಿಂತೆ. ಕೀಲಿಗಳ ಸದ್ದು ಎಷ್ಟೋ ಹೊತ್ತು ಕೇಳಿಸಲೇ ಇಲ್ಲ. ಆಮೇಲೆ ಟಪಟಪನೆ ಕೇಳಿಸಿ ನಿಂತಿತು.

ಈ ವರ್ಷ ಮತ್ತೆ ಬಂದರು. ಇನ್ನು ಆರು ತಿಂಗಳಿಗೆ ಈ ಲ್ಯಾಪ್‌ಟಾಪಿಗೆ ಅಪ್‌ಡೇಟ್ ನಿಲ್ಲುತ್ತದೆ ಅಂತ ಪರದೆ ದಿನವೂ ಹೆದರಿಸುತ್ತಿತ್ತಂತೆ. "ಬಿಸಾಕಿ ಅಕ್ಕ ಇದನ್ನ. ಮುಂದಿನ ವರ್ಷ ಬರೋ ಮಾಡೆಲ್‌ಗಳು ನೀವು ಯೋಚನೆ ಮಾಡೋದನ್ನೂ ಟೈಪ್ ಮಾಡ್ತವಂತೆ," ಅಂದೆ. ಅವರು ನಗಲಿಲ್ಲ. "ಇದಕ್ಕೇ ಏನಾದ್ರೂ ಹಾಕಿ ನಡೆಸಿಕೊಡಿ. ಹೊಸದರ ಜೊತೆ ಮತ್ತೆ ಮೊದಲಿಂದ ಶುರು ಮಾಡೋ ಶಕ್ತಿ ಇಲ್ಲ," ಅಂದರು.

ಸರಿ, ಹೊಸ ಡಿಸ್ಕ್ ಹಾಕಿ ಮುಂದೆಯೂ ಅಪ್‌ಡೇಟ್ ಸಿಗುವ ಸಿಸ್ಟಂ ಕೂರಿಸಿದೆ, ಮೆಮೊರಿ ದುಪ್ಪಟ್ಟು ಮಾಡಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು ನಾನು. ಕೀಬೋರ್ಡ್ ನೋಡಿದರೆ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು, ಎರಡು ಕೀಲಿ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ಪಾಪ ಅನ್ನಿಸಿ, ಯಾರೂ ಕೇಳದಿದ್ದರೂ ಹೊಸ ಕೀಬೋರ್ಡ್ ಕೂರಿಸಿದೆ. ಅದೇ ಅಳತೆಯದು ಸಿಗಲಿಲ್ಲ, ಕೂದಲೆಳೆಯಷ್ಟು ಚಿಕ್ಕದು. ಹಳೆಯದನ್ನು ಅವತ್ತೇ ಗುಜರಿಗೆ ಎಸೆದೆ.

ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಪೆಟ್ಟಿಗೆ ತೆಗೀತಿಲ್ಲ," ಅಂದರು.

"ಪಾಸ್‌ವರ್ಡ್ ಏನು ಹಾಕಿದ್ರಿ? ನನಗೆ ಹೇಳ್ಬೇಡಿ, ನೀವೇ ಮೆಲ್ಲಗೆ ಒತ್ತಿ."

"ಏನಂತ ಒತ್ತಲಿ? ನನಗೆ ಗೊತ್ತಿಲ್ಲ. ಕೈಗೆ ಗೊತ್ತಿತ್ತು."

ನನಗೆ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಹದಿನೇಳು ವರ್ಷ ಕೀಲಿ ನೋಡದೆ ಟೈಪ್ ಮಾಡಿದವರು ಅವರು. ಕಿವಿ ಕೇಳುತ್ತದೆ, ಕೈ ಓಡುತ್ತದೆ, ನಡುವೆ ತಲೆಗೆ ಕೆಲಸವಿಲ್ಲ. ಇಪ್ಪತ್ತಾರು ಅಕ್ಷರದ ಪಾಸ್‌ವರ್ಡನ್ನೂ ಹಾಗೇ ಬೆರಳಿಗೆ ಕಲಿಸಿ ಬಿಟ್ಟಿದ್ದರು. ಹೊಸ ಕೀಬೋರ್ಡಿನ ಮೇಲೆ ಬೆರಳು ಒಮ್ಮೆ ಎಡವಿತು, ಏನಿತ್ತು ಎಂದು ಯೋಚಿಸಿದರು, ಯೋಚಿಸಿದ್ದೇ ತಡ ಎಲ್ಲ ಹಾರಿಹೋಯಿತು. ಕಣ್ಣು ಮುಚ್ಚಿಸಿದೆ, ಹೆಡ್‌ಫೋನ್ ಹಾಕಿಸಿದೆ, ಮೇಜಿನ ಎತ್ತರ ಬದಲಿಸಿದೆ. ಊಹೂಂ. ಗುಜರಿಯವನ ಹತ್ತಿರ ಓಡಿದರೆ, ಆ ಲೋಡು ಬೆಳಿಗ್ಗೆಯೇ ಹೋಯಿತು ಅಂದ. ಯಾರ ಮೇಲೆ ರೇಗಲಿ? ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಕಂಪನಿಯ ಪಾಸ್‌ವರ್ಡ್ ಪೆಟ್ಟಿಗೆಯೊಳಗೆ. ಮೇಲ್‌ನ ಪಾಸ್‌ವರ್ಡೂ ಪೆಟ್ಟಿಗೆಯೊಳಗೆ. ಹತ್ತು ದಿನ ಲಾಗಿನ್ ಆಗದಿದ್ದರೆ ಕಂಪನಿ ಪಟ್ಟಿಯಿಂದ ಹೆಸರು ತೆಗೆಯುತ್ತದೆ, ಫೋನ್ ಮಾಡಿದರೆ ಮೆಷಿನ್ನೇ ಮಾತಾಡುತ್ತದೆ. ರಿಪೇರಿಯ ದಿನವೂ ಸೇರಿ ಆಗಲೇ ಎರಡು ದಿನ ಕಳೆದಿತ್ತು. "ಈ ವಯಸ್ಸಲ್ಲಿ ಹೊಸದಾಗಿ ಯಾರೂ ತಗೊಳ್ಳಲ್ಲ. ಈಗ ಧ್ವನಿ ಕೇಳಿ ಮೆಷಿನ್ನೇ ಟೈಪ್ ಮಾಡುತ್ತಲ್ಲ. ಹಳಬರು ಅಂತ ನಮ್ಮನ್ನ ಇಟ್ಕೊಂಡಿದಾರೆ ಅಷ್ಟೆ," ಅಂದರು.

ಆಮೇಲೆ ಟವೆಲ್ಲಿನ ಅಂಚನ್ನು ಮಡಿಸುತ್ತಾ ಕೂತರು. "ಒಂದು ದಾರಿ ಇದೆ. ನೀವು ಬೇಜಾರು ಮಾಡ್ಕೋಬಾರ್ದು."

"ಹೇಳಿ ಅಕ್ಕ, ಪ್ರಾಣ ಹಿಂಡ್ಬೇಡಿ."

"ಆವತ್ತು ಒಬ್ಬರ ವಿಳಾಸ ಕೇಳಿತ್ತಲ್ಲ. ನಿಮ್ಮ ಬಿಲ್ ಎದುರಿಗೇ ಇತ್ತು. ಅದರ ಮೇಲೆ ಮೇಲ್ ವಿಳಾಸ ಇತ್ತು."

ಹಳೆಯ ಮೇಲುಗಳನ್ನು ಜಾಲಾಡಿದೆ. ಹೌದು, ಅವತ್ತೇ ಬಂದಿತ್ತು: ನಿಮ್ಮನ್ನು ಒಬ್ಬರು ತಮ್ಮ ಆಪ್ತರೆಂದು ಸೂಚಿಸಿದ್ದಾರೆ, ಒಪ್ಪಿಗೆಯೇ? ಯಾವುದೋ ವಾರಂಟಿಯದ್ದು ಎಂದುಕೊಂಡು ಒಪ್ಪಿಗೆ ಒತ್ತಿ ಮರೆತಿದ್ದೆ. ಮೂರು ವರ್ಷದಿಂದ ಈ ಹೆಂಗಸಿಗೆ ಆಪ್ತನಾಗಿದ್ದೇನೆ, ನನಗೇ ಗೊತ್ತಿಲ್ಲ! ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಕೋಪ ಬರುತ್ತದೆ, ಅದು ನನ್ನ ಕೆಟ್ಟ ಬುದ್ಧಿ.

"ನಿಮಗೆ ಯಾರೂ ಇಲ್ವೇನ್ರಿ?" ಅಂತ ರೇಗಿಬಿಟ್ಟೆ.

"ಅಣ್ಣ ಇದಾನಲ್ಲ. ಬಸ್ಸಲ್ಲಿ ಮುಕ್ಕಾಲು ಗಂಟೆ."

"ಮತ್ತೆ?"

"ಅವನ ಮೇಲ್ ವಿಳಾಸ ನನ್ಹತ್ರ ಇರ್ಲಿಲ್ಲ. ಕೇಳೋಕೆ ಫೋನ್ ಮಾಡ್ಬೇಕು. ಮಾಡಿದ್ರೆ ಏನಾಯ್ತು ಅಂತಾನೆ. ಏನೂ ಆಗಿಲ್ಲ ಅಂದ್ರೆ, ಮತ್ಯಾಕೆ ಮಾಡ್ದೆ ಅಂತಾನೆ."

ಜಗಳವೇನೂ ಇರಲಿಲ್ಲವಂತೆ. ಅಮ್ಮ ಇರುವವರೆಗೆ ಅಣ್ಣ ಅತ್ತಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಅಮ್ಮ ಹೋಗಿ ಒಂಬತ್ತು ವರ್ಷ. ಬರುವುದು ಮೂರು ತಿಂಗಳಿಗೊಮ್ಮೆ ಆಯಿತು, ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ ಯಾರ ಸರದಿ ಎಂಬುದೇ ಇಬ್ಬರಿಗೂ ಮರೆತುಹೋಯಿತು.

ಪೆಟ್ಟಿಗೆ ತೆರೆಯಲು ಕೋರಿಕೆ ಕಳಿಸಿದೆ. ಅದಕ್ಕೊಂದು ನಿಯಮ. ಪೆಟ್ಟಿಗೆಯ ಒಡೆಯರಿಗೆ ಮೇಲ್ ಹೋಗುತ್ತದೆ: ನೀವಿದ್ದರೆ, ಬೇಡ ಎನ್ನಿ. ಏಳು ದಿನ ಉತ್ತರ ಬರದಿದ್ದರೆ ಅವರು ಇನ್ನಿಲ್ಲವೆಂದು ತಿಳಿದು ಆಪ್ತರಿಗೆ ತೆರೆದು ಕೊಡುತ್ತದೆ. ಇದನ್ನು ಹೇಗಪ್ಪಾ ಹೇಳುವುದು ಎಂದು ತಡವರಿಸುತ್ತಾ ಹೇಳಿದೆ.

"ಏಳು ದಿನ ನಾನು ಇಲ್ಲ ಅಂದ್ಕೋಬೇಕು, ಅಷ್ಟೇ ತಾನೆ?" ಎಂದು ಅಕ್ಕ ಮೊದಲ ಸಲ ನಕ್ಕರು. "ಅದೇನು ಕಷ್ಟ ಇಲ್ಲ ಬಿಡಿ."

ಆ ಏಳು ದಿನವೂ ಅಂಗಡಿಗೆ ಬಂದರು. ಕೆಲಸವಿಲ್ಲದೆ ಮನೆಯಲ್ಲಿ ಕಿವಿ ಗುಂಯ್ ಅನ್ನುತ್ತದೆ ಅಂದರು. ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನ ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತಾ ಡಾಕ್ಟರುಗಳ ಕತೆ ಹೇಳುತ್ತಿದ್ದರು. ಒಬ್ಬರು ತಿಂಡಿ ತಿನ್ನುತ್ತಲೇ ವರದಿ ಹೇಳುತ್ತಾರೆ, ಯಾವತ್ತು ಗಟ್ಟಿ ಬಿಸ್ಕತ್ತು, ಯಾವತ್ತು ಮೆತ್ತಗಿನದು ಎಂದು ಇವರಿಗೆ ಗೊತ್ತಾಗುತ್ತದೆ. ಇನ್ನೊಬ್ಬರಿಗೆ ಮಗುವಾದದ್ದು ಹಿಂದಿನಿಂದ ಕೇಳಿದ ಅಳುವಿನಿಂದ ಗೊತ್ತಾಯಿತು. ಆ ಮಗು ಈಗ ಅಪ್ಪನನ್ನು ಊಟಕ್ಕೆ ಕರೆಯುತ್ತದೆ. ಒಬ್ಬ ಡಾಕ್ಟರಮ್ಮ ಮಾತ್ರ ಪ್ರತಿ ವರದಿಯ ಕೊನೆಗೂ ಥ್ಯಾಂಕ್ಯೂ ಅನ್ನುತ್ತಾರಂತೆ.

"ಮೆಷಿನ್‌ಗೆ ಅನ್ನೋದು, ನನಗಲ್ಲ. ಆದ್ರೂ ನಾನು ಇರ್ಲಿ ಬಿಡಿ ಡಾಕ್ಟ್ರೇ ಅಂತೀನಿ. ದಿನಕ್ಕೆ ನಾನು ಬಾಯಿ ಬಿಡೋದು ಅದೊಂದೇ ಸಲ."

ನಾನು ಸ್ಕ್ರೂ ಡ್ರೈವರ್ ಕೆಳಗಿಟ್ಟೆ. ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. "ಒಂದು ದಿನ ಮನೆಗೆ ಕರ್ಕೊಂಡು ಬನ್ನಿ," ಅಂದಳು. ಕರೆದೆ. ಅಕ್ಕ, "ಪೆಟ್ಟಿಗೆ ತೆಗೀಲಿ, ಆಮೇಲೆ ನೋಡೋಣ," ಅಂದರು. ಆ ಏಳು ದಿನದಲ್ಲಿ ಅವರ ಹಳೆಯ ಗುಂಡಿ ಫೋನು ಒಂದೇ ಒಂದು ಸಲ ಬಡಿದುಕೊಂಡಿತು. ಅದೂ ರಾಂಗ್ ನಂಬರ್. ಆ ಅಪರಿಚಿತನ ಜೊತೆಯೂ ಅಕ್ಕ ತುಂಬಾ ಮರ್ಯಾದೆಯಿಂದ ಮಾತಾಡಿದರು.

ಏಳನೆಯ ದಿನ ಮಧ್ಯಾಹ್ನ ಮೂರೂ ಹತ್ತಕ್ಕೆ ಮೇಲ್ ಬಂತು. ಒಡೆಯರಿಂದ ಉತ್ತರ ಬಂದಿಲ್ಲ, ಪೆಟ್ಟಿಗೆ ಈಗ ನಿಮ್ಮದು. "ಬಂತು ಅಕ್ಕ!" ಎಂದು ಕೂಗಿ ಅವರ ಲ್ಯಾಪ್‌ಟಾಪಿನಲ್ಲೇ ತೆರೆದೆ. ನೂರಾ ಹತ್ತು ಬೀಗದಕೈಗಳು ಸಾಲಾಗಿ ಬಂದವು. ಎಲ್ಲಕ್ಕಿಂತ ಮೇಲೆ ಒಂದು ಟಿಪ್ಪಣಿ ಇತ್ತು, "ರಿಪೇರಿ ಅಂಗಡಿಯವರಿಗೆ" ಎಂದು. ಏನೋ ಸೂಚನೆ ಇರಬೇಕೆಂದು ತೆರೆದೆ.

"ನಮಸ್ಕಾರ. ತೊಂದರೆ ಕೊಟ್ಟದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಇದನ್ನು ನೀವು ಓದುತ್ತಿದ್ದೀರಿ ಎಂದರೆ ನಾನಿಲ್ಲ. ಮನೆಯ ಇನ್ನೊಂದು ಬೀಗದಕೈ ನೀರಿನ ಮೀಟರಿನ ಹಿಂದೆ ಇದೆ. ಲ್ಯಾಪ್‌ಟಾಪ್ ನೀವೇ ಇಟ್ಟುಕೊಳ್ಳಿ, ಬಿಡಿಭಾಗಗಳು ಉಪಯೋಗಕ್ಕೆ ಬರಬಹುದು. ಇನ್ನು ಟೈಪ್ ಮಾಡುವುದಿಲ್ಲ ಎಂದು ಕಂಪನಿಯ ಕೆಳಗಿನ ವಿಳಾಸಕ್ಕೆ ಒಂದು ಮೇಲ್ ಹಾಕಿ. ಅಣ್ಣನಿಗೆ ನಿಧಾನವಾಗಿ ತಿಳಿಸಿದರೂ ನಡೆಯುತ್ತದೆ. ಬೇರೆ ಯಾರಿಗೂ ತಿಳಿಸಬೇಕಾದ್ದಿಲ್ಲ."

ಓದಿ ಮುಗಿಸಿದೆ. ಎರಡು ಮೊಳ ದೂರದಲ್ಲಿ ಅಕ್ಕ ಸ್ಕ್ರೂ ಡಬ್ಬಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನಲವತ್ತೇಳು ವರ್ಷದ ಗಂಡಸು, ಅಂಗಡಿಯಲ್ಲಿ ಕೂತು ಅಳುವುದಾ? ಅತ್ತೆ.

"ಅಯ್ಯೋ, ಅದು ಬರೆದಿಟ್ಟಿದ್ದೆ ಅನ್ನೋದೇ ಮರ್ತುಹೋಗಿತ್ತು," ಎಂದು ಅಕ್ಕ ಎದ್ದು ಬಂದರು. ಪರದೆಯ ಮುಂದೆ ಬಗ್ಗಿ ಮೊದಲಿನಿಂದ ಕೊನೆಯವರೆಗೆ ಓದಿದರು, ಯಾವುದೋ ಡಾಕ್ಟರರ ವರದಿ ಪರಿಶೀಲಿಸುವ ಹಾಗೆ.

"ಕಂಪನಿ ಮೇಲ್ ವಿಳಾಸ ಹೋದ ವರ್ಷ ಬದಲಾಯ್ತು," ಅಂದರು. ಹೊಸ ಕೀಬೋರ್ಡಿನ ಮೇಲೆ ಒಂದೊಂದೇ ಕೀಲಿ ಹುಡುಕಿ ಹುಡುಕಿ ಟಿಪ್ಪಣಿಯಲ್ಲಿ ಹೊಸ ವಿಳಾಸವನ್ನು ತಿದ್ದಿದರು. ಉಳಿದ ಯಾವ ಸಾಲನ್ನೂ ಮುಟ್ಟಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ಆಪ್ತರು ಅನ್ನೋ ಕಡೆ ನಿಮ್ಮ ಹೆಸರೇ ಇರ್ಲಾ, ತೊಂದ್ರೆ ಇಲ್ಲ ತಾನೆ?" ಅಂತ ಕೇಳಿದರು.